ಸಿಂಪ್ಯೂಟರ್

ಸಿಂಪ್ಯೂಟರ್ ಎಂಬುದು ಬೆಂಗಳೂರಿನಲ್ಲಿ ರೂಪುಗೊಂಡ, ಅಂಗೈಯಲ್ಲಿ ಹಿಡಿದು ಬಳಸುವ, ಸ್ಪರ್ಶಪರದೆಯುಳ್ಳ ಕಡಿಮೆ ಬೆಲೆಯ ಗಣಕಯಂತ್ರ. ಇದನ್ನು ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯು ವಿನ್ಯಾಸಗೊಳಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರು ಸೇರಿ 1999ರಲ್ಲಿ ಈ ಟ್ರಸ್ಟನ್ನು ಸ್ಥಾಪಿಸಿದರು. ಯಂತ್ರದ ಮೂಲಮಾದರಿಯನ್ನು 2001ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಲಾಯಿತು. ಸಾಮಾನ್ಯ ಗ್ರಾಹಕರಿಗಾಗಿ ತಯಾರಾದ ‘ಅಮಿಡಾ ಸಿಂಪ್ಯೂಟರ್’ 2004ರಲ್ಲಿ ಮಾರುಕಟ್ಟೆಗೆ ಬಂದಿತು.

ಇಂಗ್ಲಿಷ್ ಬಾರದವರು, ಓದಲು ಬಾರದವರು ಮತ್ತು ಸ್ವಂತಕ್ಕೆ ಗಣಕಯಂತ್ರ ಕೊಳ್ಳಲಾಗದವರು ಕೂಡ ಮಾಹಿತಿ ತಂತ್ರಜ್ಞಾನವನ್ನು ಬಳಸುವಂತಾಗಬೇಕು ಎಂಬುದು ಇದರ ಉದ್ದೇಶವಾಗಿತ್ತು. ಅದಕ್ಕಾಗಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯವನ್ನು ತೋರಿಸುವ ಹಾಗೂ ಓದಿ ಹೇಳುವ ವ್ಯವಸ್ಥೆಯನ್ನು, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಅನುಕೂಲವಾಗುವ ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯನ್ನು ಇದರಲ್ಲಿ ಅಳವಡಿಸಲಾಗಿತ್ತು. ತಾಂತ್ರಿಕವಾಗಿ ಗಮನ ಸೆಳೆದರೂ ನಿರೀಕ್ಷಿಸಿದ ಪ್ರಮಾಣದಲ್ಲಿ ಇದು ಮಾರಾಟವಾಗಲಿಲ್ಲ. ಭಾರತದಲ್ಲಿ ಮುಂದೆ ಬಂದ ಮೊಬಿಲಿಸ್, ಆಕಾಶ್ ಮೊದಲಾದ ಅಗ್ಗದ ಟ್ಯಾಬ್ಲೆಟ್ ಗಣಕಗಳ ಪೂರ್ವಸೂರಿಯೆಂದು ಸಿಂಪ್ಯೂಟರನ್ನು ಪರಿಗಣಿಸಬಹುದು.

ಹೆಸರು

‘ಸಿಂಪಲ್’ ಮತ್ತು ‘ಕಂಪ್ಯೂಟರ್’ ಪದಗಳ ಜೋಡಣೆಯಿಂದ ‘ಸಿಂಪ್ಯೂಟರ್’ ಎಂಬ ಹೆಸರು ಬಂದಿದೆ. ಇದನ್ನು ಸರಳ, ಅಗ್ಗದ, ಬಹುಭಾಷಾ ಜನರ ಗಣಕಯಂತ್ರ ಎಂಬ ಅರ್ಥ ಕೊಡುವ ಇಂಗ್ಲಿಷ್ ಪದಗುಚ್ಛದ ಸಂಕ್ಷೇಪವೆಂದೂ ವಿವರಿಸಲಾಗುತ್ತದೆ. ಹೆಸರು ಟ್ರಸ್ಟಿನ ವ್ಯಾಪಾರಮುದ್ರೆಯಾಗಿದ್ದು, ನಿಗದಿಪಡಿಸಿದ ಕನಿಷ್ಠ ಗುಣಲಕ್ಷಣಗಳಿರುವ ಯಂತ್ರಗಳಿಗೆ ಮಾತ್ರ ಅದನ್ನು ಬಳಸಬಹುದಿತ್ತು.

ಇತಿಹಾಸ

ಹಿನ್ನೆಲೆ

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಮಾಹಿತಿ ತಂತ್ರಜ್ಞಾನದ ಬಳಕೆಯನ್ನು ಕುರಿತು 1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅದರ ಫಲವಾಗಿ ಹೊರಬಂದ ‘ಬೆಂಗಳೂರು ಘೋಷಣೆ’ಯ ಹಿಂದಿನ ಚರ್ಚೆಗಳಲ್ಲಿ ಸಿಂಪ್ಯೂಟರಿನ ಕಲ್ಪನೆ ಹುಟ್ಟಿಕೊಂಡಿತು. ಆ ಕಾಲದಲ್ಲಿ ಭಾರತದ ಮೇಜುಗಣಕಗಳ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂತಿರಲಿಲ್ಲ. ಗಣಕದ ಮುಂದೆ ಕೂರುವವರಿಗೆ ಇಂಗ್ಲಿಷ್ ಮತ್ತು ಕೀಲಿಮಣೆಯ ಪರಿಚಯ ಅನಿವಾರ್ಯವಾಗಿತ್ತು. ಮೇಜುಗಣಕಕ್ಕೆ ತಡೆಯಿಲ್ಲದ ವಿದ್ಯುತ್ ಬೇಕಾಗಿದ್ದುದು ಹಳ್ಳಿಗಳ ಮಟ್ಟಿಗೆ ಮತ್ತೊಂದು ತೊಡಕಾಗಿತ್ತು.

ಸಿಂಪ್ಯೂಟರ್ ಟ್ರಸ್ಟ್

1999ರ ನವೆಂಬರ್‌ನಲ್ಲಿ ರಚನೆಯಾದ ಟ್ರಸ್ಟಿನಲ್ಲಿ ಏಳು ಮಂದಿ ಇದ್ದರು. ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಭಾರತೀಯ ವಿಜ್ಞಾನ ಸಂಸ್ಥೆಯವರು. ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್ ಮತ್ತು ಮಾರ್ಕ್ ಮಥಾಯಸ್ ಎನ್‌ಕೋರ್ ಸಂಸ್ಥೆಯವರು. ಟ್ರಸ್ಟ್ ತಾನೇ ಯಂತ್ರಗಳನ್ನು ತಯಾರಿಸಿ ಮಾರುವ ಸಂಸ್ಥೆಯಾಗಿರಲಿಲ್ಲ. ವಿನ್ಯಾಸವನ್ನು ಸಿದ್ಧಪಡಿಸಿ, ತಯಾರಿಕೆಗೆ ಪರವಾನಗಿ ನೀಡುವುದು ಅದರ ಕೆಲಸವಾಗಿತ್ತು.

2001ರ ಕೊನೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾರ್ಷಿಕ ವಿಶೇಷ ಲೇಖನವೊಂದರಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಅವರು ಸಿಂಪ್ಯೂಟರನ್ನು ಗಣಕ ಕ್ಷೇತ್ರದಲ್ಲಿ ಆ ವರ್ಷದ ಅತಿ ಮಹತ್ವದ ಆವಿಷ್ಕಾರವೆಂದು ಗುರುತಿಸಿದರು. ಇದರಿಂದ ಯಂತ್ರಕ್ಕೆ ಅಂತರರಾಷ್ಟ್ರೀಯ ಪ್ರಚಾರ ದೊರೆಯಿತು.

ತಯಾರಿಕೆ

ಟ್ರಸ್ಟಿನಿಂದ ಎರಡು ಕಂಪನಿಗಳು ಪರವಾನಗಿ ಪಡೆದವು. ಮೊದಲನೆಯದು ಎನ್‌ಕೋರ್ ಸಾಫ್ಟ್‌ವೇರ್. ಎರಡನೆಯದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಈ ಕೆಲಸಕ್ಕೆಂದೇ ಆರಂಭಿಸಿದ ಪಿಕೋಪೆಟಾ ಸಿಂಪ್ಯೂಟರ್ಸ್. ಪಿಕೋಪೆಟಾ ಸಂಸ್ಥೆಯು ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ (ಬಿಇಎಲ್) ಜೊತೆಗೂಡಿ ಅಮಿಡಾ ಸಿಂಪ್ಯೂಟರನ್ನು ತಯಾರಿಸಿತು. ಮೂಲಮಾದರಿಯ ಪ್ರದರ್ಶನಕ್ಕೂ ಅಮಿಡಾ ಅಂಗಡಿಗೆ ಬರುವುದಕ್ಕೂ ನಡುವೆ ಸುಮಾರು ಮೂರು ವರ್ಷಗಳ ಅಂತರವಿತ್ತು.

ಯಂತ್ರಾಂಶ

ಮೂಲ ವಿನ್ಯಾಸದ ಮುಖ್ಯ ವಿವರಗಳು ಹೀಗಿವೆ:

• ಸಂಸ್ಕಾರಕ: ಇಂಟೆಲ್ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, 206 ಮೆಗಾಹರ್ಟ್ಸ್
• ಪರದೆ: 320×240 ಬಿಂದುಗಳ ಕಪ್ಪು-ಬಿಳುಪು ಎಲ್‌ಸಿಡಿ ಸ್ಪರ್ಶಪರದೆ
• ಸ್ಮೃತಿ: 32 ಎಂಬಿ, ನಂತರದ ಮಾದರಿಗಳಲ್ಲಿ 64 ಎಂಬಿ
• ಸಂಗ್ರಹ: ಫ್ಲ್ಯಾಶ್ ಸ್ಮೃತಿ, ಹಾರ್ಡ್ ಡಿಸ್ಕ್ ಇಲ್ಲ
• ಸಂಪರ್ಕ: ದೂರವಾಣಿ ತಂತಿಯ ಮೂಲಕ ಮೋಡೆಮ್, ಅವಕೆಂಪು ಕಿಂಡಿ, ಯುಎಸ್‌ಬಿ
• ಧ್ವನಿ: ಸ್ಪೀಕರ್ ಮತ್ತು ಮೈಕ್ರೊಫೋನ್
• ಇತರೆ: ಸ್ಮಾರ್ಟ್ ಕಾರ್ಡ್ ಓದುವ ಮತ್ತು ಬರೆಯುವ ಕಿಂಡಿ
• ವಿದ್ಯುತ್: ಮರುಪೂರಣ ಮಾಡಬಹುದಾದ ‘ಎಎಎ’ ಗಾತ್ರದ ಸೆಲ್‌ಗಳು ಅಥವಾ ಗೋಡೆಯ ಸಾಕೆಟ್

ಆಕಾರದಲ್ಲಿ ಸಿಂಪ್ಯೂಟರ್ ಆಗ ಬಳಕೆಯಲ್ಲಿದ್ದ ಪಾಮ್ ಪೈಲಟ್ ಬಗೆಯ ಅಂಗೈಗಣಕಗಳನ್ನು ಹೋಲುತ್ತಿತ್ತು. ಆದರೆ ಪಾಮ್ ಪೈಲಟ್ ಮೇಜುಗಣಕವಿರುವವರ ವಿಳಾಸ ಮತ್ತು ದಿನಚರಿಗಳನ್ನು ಜೇಬಿನಲ್ಲಿಡುವ ಪೂರಕ ಸಾಧನವಾಗಿತ್ತು. ಸಿಂಪ್ಯೂಟರನ್ನು ಬೇರೆ ಗಣಕವೇ ಇಲ್ಲದವರಿಗಾಗಿ ಸ್ವತಂತ್ರ ಯಂತ್ರವಾಗಿ ರೂಪಿಸಲಾಗಿತ್ತು.

ಅಮಿಡಾ ಮಾದರಿಯಲ್ಲಿ ಯಂತ್ರದ ಚಲನೆಯನ್ನು ಗ್ರಹಿಸುವ ಸಂವೇದಕವನ್ನು ಅಳವಡಿಸಲಾಗಿತ್ತು. ಕೈಯನ್ನು ತುಸು ಒಲೆದರೆ ಪರದೆಯ ಪುಟ ಮಗುಚುತ್ತಿತ್ತು. ಅಂಗೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಈ ಬಗೆಯ ಸಂವೇದಕದ ಬಳಕೆ ವ್ಯಾಪಕವಾದದ್ದು 2007ರಲ್ಲಿ ಐಫೋನ್ ಬಂದ ನಂತರ. ಅಮಿಡಾವನ್ನು ಕಪ್ಪು-ಬಿಳುಪು ಪರದೆಯ ಅಗ್ಗದ ಮಾದರಿಯಾಗಿಯೂ ಬಣ್ಣದ ಪರದೆಯ ದುಬಾರಿ ಮಾದರಿಯಾಗಿಯೂ ಮಾರಲಾಯಿತು.

ತಂತ್ರಾಂಶ

ಸಿಂಪ್ಯೂಟರ್ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿತ್ತು. ಇದರಿಂದ ಪ್ರತಿ ಯಂತ್ರಕ್ಕೂ ತಂತ್ರಾಂಶದ ಪರವಾನಗಿ ಶುಲ್ಕ ತೆರುವ ಅಗತ್ಯ ಇರಲಿಲ್ಲ. ಕೀಲಿಮಣೆಯ ಬದಲು ಕಡ್ಡಿಯಂಥ ಸ್ಪರ್ಶಲೇಖನಿ ಬಳಸಬೇಕಾಗಿತ್ತು. ಬರೆದ ಅಕ್ಷರಗಳನ್ನು ಗುರುತಿಸಲು ‘ಟಪಟಪ್’ ಎಂಬ ಸರಳ ತಂತ್ರಾಂಶವಿತ್ತು.

ಮಾಹಿತಿ ಗುರುತು ಭಾಷೆ

ಪುಟಗಳನ್ನು ತೋರಿಸಲು ಟ್ರಸ್ಟ್ ‘ಐಎಂಎಲ್’ ಎಂಬ ಗುರುತು ಭಾಷೆಯನ್ನು ರೂಪಿಸಿತು. ಇದು ಎಕ್ಸ್‌ಎಂಎಲ್ ಆಧಾರಿತ. ಸಾಮಾನ್ಯ ಜಾಲಪುಟದ ಭಾಷೆಯಲ್ಲಿ ಇಲ್ಲದ ಎರಡು ಅನುಕೂಲಗಳನ್ನು ಇದರಲ್ಲಿ ಕಲ್ಪಿಸಲಾಗಿತ್ತು. ಒಂದು, ಪುಟದಿಂದಲೇ ಸ್ಮಾರ್ಟ್ ಕಾರ್ಡಿನಲ್ಲಿರುವ ಬಳಕೆದಾರನ ಮಾಹಿತಿಯನ್ನು ಓದಿ ಬರೆಯುವುದು. ಇನ್ನೊಂದು, ಪುಟದ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ತೋರಿಸಿ ಧ್ವನಿಯಾಗಿ ಕೇಳಿಸುವುದು.

ಧ್ವನಿ

‘ಧ್ವನಿ’ ಎಂಬುದು ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಅವರು ಅಭಿವೃದ್ಧಿಪಡಿಸಿದ, ಪಠ್ಯವನ್ನು ಮಾತಾಗಿ ಪರಿವರ್ತಿಸುವ ತಂತ್ರಾಂಶ. ಆರಂಭದಲ್ಲಿ ಇದು ಹಿಂದಿ ಮತ್ತು ಕನ್ನಡ ಪಠ್ಯಗಳನ್ನು ಓದುತ್ತಿತ್ತು. ಮೊದಲೇ ಮುದ್ರಿಸಿಟ್ಟ ಚಿಕ್ಕ ಚಿಕ್ಕ ಧ್ವನಿ ತುಣುಕುಗಳನ್ನು ಪಠ್ಯದ ಕ್ರಮಕ್ಕೆ ತಕ್ಕಂತೆ ಒಂದಕ್ಕೊಂದು ಜೋಡಿಸುವುದು ಇದರ ವಿಧಾನ. ಕನ್ನಡದಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೆಚ್ಚು ಅಂತರವಿಲ್ಲದಿರುವುದರಿಂದ, ಇಂಗ್ಲಿಷಿಗೆ ಬೇಕಾಗುವಷ್ಟು ದೊಡ್ಡ ಉಚ್ಚಾರಣಾ ಕೋಶದ ಅಗತ್ಯ ಬೀಳಲಿಲ್ಲ. ಕೆಲವೇ ಮೆಗಾಬೈಟ್ ಜಾಗವಿದ್ದ ಯಂತ್ರದಲ್ಲಿ ಇದು ಮುಖ್ಯವಾದ ಉಳಿತಾಯವಾಗಿತ್ತು. ಹೀಗೆ ಜೋಡಿಸಿದ ಮಾತಿನಲ್ಲಿ ಸಹಜ ಏರಿಳಿತಗಳು ಕಡಿಮೆ. ಆದರೂ ಒಂದು ದರಪಟ್ಟಿಯನ್ನೋ ಸೂಚನೆಯನ್ನೋ ಕೇಳಿ ಅರ್ಥಮಾಡಿಕೊಳ್ಳಲು ಅಷ್ಟು ಸಾಕಾಗುತ್ತದೆ. ಮುಂದೆ ಸ್ವತಂತ್ರ ತಂತ್ರಾಂಶ ಸಮುದಾಯದವರು ಧ್ವನಿಯನ್ನು ಮಲಯಾಳಂ ಸೇರಿದಂತೆ ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿದರು.

ಭಾಷಾ ಬೆಂಬಲದ ಮಹತ್ವ

ಸಿಂಪ್ಯೂಟರಿನ ಮೂಲಮಾದರಿ ಹೊರಬಂದಾಗ ಗಣಕದಲ್ಲಿ ಕನ್ನಡವೆಂದರೆ ಬರಹ, ನುಡಿ ಮೊದಲಾದ ತಂತ್ರಾಂಶಗಳನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳುವುದೆಂದೇ ಅರ್ಥವಾಗಿತ್ತು. ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯನ್ನು ಒಳಗೊಂಡ ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರ್‌ನಲ್ಲಿ. ಆದ್ದರಿಂದ ಭಾರತೀಯ ಭಾಷೆಯನ್ನು ಮೇಲಿನಿಂದ ಸೇರಿಸುವ ಸೌಲಭ್ಯವಾಗಿ ನೋಡದೆ, ಯಂತ್ರದ ಮೂಲ ಲಕ್ಷಣವಾಗಿ ಪರಿಗಣಿಸಿದ ಆರಂಭದ ಗಣಕಗಳಲ್ಲಿ ಸಿಂಪ್ಯೂಟರ್ ಒಂದಾಗಿದೆ.

ಅಮಿಡಾ ಮಾದರಿಯು ಇದಕ್ಕೆ ಇನ್ನೊಂದು ದಾರಿಯನ್ನು ಸೇರಿಸಿತು. ಬಳಕೆದಾರರು ಪರದೆಯ ಮೇಲೆ ತಮ್ಮ ಕೈಬರಹದಲ್ಲೇ ಬರೆದು, ಅದನ್ನು ಹಾಗೆಯೇ ಚಿತ್ರರೂಪದ ಮಿಂಚಂಚೆಯಾಗಿ ಕಳುಹಿಸಬಹುದಿತ್ತು. ಇಲ್ಲಿ ಯಂತ್ರಕ್ಕೆ ಅಕ್ಷರ ಗೊತ್ತಿರಬೇಕಾದ ಅಗತ್ಯವಿಲ್ಲ. ಯಾವ ಲಿಪಿಯಲ್ಲಿ ಬರೆದರೂ ನಡೆಯುತ್ತದೆ. ಒಂದೇ ಲಿಪಿಯಲ್ಲಿ ಹಲವು ಭಾಷೆಗಳನ್ನು ಬರೆಯುವ ಪ್ರದೇಶಗಳಿಗೆ ಈ ವಿಧಾನ ಹೊಂದುವಂಥದ್ದು. ಉದಾಹರಣೆಗೆ ಮಂಗಳೂರಿನ ಹಂಪನಕಟ್ಟೆಯ ಪೇಟೆಯಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳೂ ಕೇಳಿಬರುತ್ತವೆ ಮತ್ತು ಇವೆಲ್ಲವನ್ನೂ ಅಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿದೆ. ಕೈಬರಹದ ಮಿಂಚಂಚೆಗೆ ಇಂಥ ಕಡೆ ಪ್ರತಿ ಭಾಷೆಗೂ ಬೇರೆ ಬೇರೆ ತಂತ್ರಾಂಶ ಬೇಕಾಗುವುದಿಲ್ಲ. ಹೀಗೆ ಕಳುಹಿಸಿದ ಬರಹವನ್ನು ಹುಡುಕಲು ಅಥವಾ ತಿದ್ದಲು ಬಾರದೆಂಬುದು ಇದರ ಮಿತಿ.

ಹಂಚಿಕೆಯ ಬಳಕೆ

ಯಂತ್ರದ ಗುರಿಬೆಲೆ ಸುಮಾರು 9,000 ರೂಪಾಯಿ. ಇದು ಮೇಜುಗಣಕಕ್ಕಿಂತ ಕಡಿಮೆಯಾದರೂ ಕೂಲಿ ಕಾರ್ಮಿಕರು ಅಥವಾ ಸಣ್ಣ ರೈತರು ಕೊಳ್ಳುವಂಥದ್ದಾಗಿರಲಿಲ್ಲ. ಈ ಸಮಸ್ಯೆಗೆ ಟ್ರಸ್ಟ್ ಸೂಚಿಸಿದ ಪರಿಹಾರ ಸ್ಮಾರ್ಟ್ ಕಾರ್ಡ್. ಪಂಚಾಯಿತಿ, ಶಾಲೆ, ಸ್ವಸಹಾಯ ಸಂಘ ಅಥವಾ ಅಂಗಡಿಯಲ್ಲಿ ಒಂದು ಯಂತ್ರವಿದ್ದರೆ, ಪ್ರತಿಯೊಬ್ಬರೂ ತಮ್ಮದೇ ಕಾರ್ಡನ್ನು ತಂದು ಬಳಸಬಹುದು. ಬಳಕೆದಾರನ ವೈಯಕ್ತಿಕ ವಿವರಗಳು ಕಾರ್ಡಿನಲ್ಲಿ ಉಳಿಯುತ್ತವೆ. ಕಾರ್ಡು ತೆಗೆದ ನಂತರ ಯಂತ್ರ ಮತ್ತೊಬ್ಬರಿಗೆ ಸಿದ್ಧವಾಗುತ್ತದೆ. ಅಂಚೆ ಕಚೇರಿಯ ಪಾಸ್‌ಪುಸ್ತಕ ಖಾತೆದಾರನ ಬಳಿ ಇದ್ದು ಕೌಂಟರು ಎಲ್ಲರಿಗೂ ಒಂದೇ ಆಗಿರುವಂತೆ ಈ ವ್ಯವಸ್ಥೆ ಇತ್ತು.

ಪರವಾನಗಿ

ತಂತ್ರಾಂಶವನ್ನು ಸ್ವತಂತ್ರ ಪರವಾನಗಿಯಲ್ಲಿ ನೀಡುವ ಪದ್ಧತಿ ಆಗಲೇ ರೂಢಿಯಲ್ಲಿತ್ತು. ಅದೇ ತತ್ವವನ್ನು ಯಂತ್ರಾಂಶಕ್ಕೂ ಅನ್ವಯಿಸಲು ಟ್ರಸ್ಟ್ ‘ಸಿಂಪ್ಯೂಟರ್ ಸಾರ್ವಜನಿಕ ಪರವಾನಗಿ’ಯನ್ನು ರಚಿಸಿತು. ಇದರಂತೆ ವಿನ್ಯಾಸವನ್ನು ಯಾರು ಬೇಕಾದರೂ ಪಡೆದು ಅಭ್ಯಸಿಸಬಹುದು, ಮಾರ್ಪಡಿಸಬಹುದು. ವಾಣಿಜ್ಯ ತಯಾರಿಕೆಗೆ ಮಾತ್ರ ಶುಲ್ಕವಿದ್ದು, ಅಭಿವೃದ್ಧಿಶೀಲ ರಾಷ್ಟ್ರಗಳ ಕಂಪನಿಗಳಿಗೆ ಅದು ಕಡಿಮೆಯಾಗಿತ್ತು. ಮಾರ್ಪಡಿಸಿದ ವಿನ್ಯಾಸದ ಲಾಭವನ್ನು ತಯಾರಕರು ಸ್ವಲ್ಪ ಕಾಲ ಅನುಭವಿಸಿ, ಆನಂತರ ಅದನ್ನು ಟ್ರಸ್ಟಿಗೆ ಮರಳಿಸಬೇಕಾಗಿತ್ತು. ಮುಕ್ತ ಯಂತ್ರಾಂಶದ ಆರಂಭದ ಪ್ರಯೋಗಗಳಲ್ಲಿ ಇದೂ ಒಂದು.

ಬಳಕೆ

ಸಿಂಪ್ಯೂಟರ್ ಬಳಕೆಯಾದ ಕೆಲವು ಸಂದರ್ಭಗಳು:

• ಭೂದಾಖಲೆ: ಕರ್ನಾಟಕ ಸರ್ಕಾರವು ಭೂದಾಖಲೆಗಳ ಮಾಹಿತಿ ಸಂಗ್ರಹಣೆಯಲ್ಲಿ ಸಿಂಪ್ಯೂಟರ್‌ಗಳನ್ನು ಬಳಸಿತು.
• ಕಿರುಸಾಲ: ಮೈಸೂರಿನ ಸಂಘಮಿತ್ರ ಸಂಸ್ಥೆಯು ಸ್ವಸಹಾಯ ಸಂಘಗಳ ಸಾಲದ ವ್ಯವಹಾರಕ್ಕೆ ಬಳಸಿತು.
• ಶಿಕ್ಷಣ: ಛತ್ತೀಸಗಢದಲ್ಲಿ ಶಾಲಾ ಮಕ್ಕಳ ಕಲಿಕೆಯ ಯೋಜನೆಯೊಂದರಲ್ಲಿ ಬಳಕೆಯಾಯಿತು.
• ಉದ್ಯಮ: ಗೋವಾದ ಡೆಂಪೊ ಸಂಸ್ಥೆಯು ಗಣಿಯಿಂದ ಬಂದರಿನವರೆಗೆ ಕಬ್ಬಿಣದ ಅದಿರಿನ ಸಾಗಾಟದ ಲೆಕ್ಕವಿಡಲು, ಮಹೀಂದ್ರ ಅಂಡ್ ಮಹೀಂದ್ರ ಕಂಪನಿಯು ವಾಹನಗಳ ಎಂಜಿನ್ ತಪಾಸಣೆಗೆ ಬಳಸಿದವು.
• ಪೊಲೀಸ್: ಸಂಚಾರ ನಿಯಮ ಉಲ್ಲಂಘಿಸಿದವರಿಗೆ ಸ್ಥಳದಲ್ಲೇ ದಂಡದ ಚೀಟಿ ನೀಡಲು ಬಳಕೆಯಾಯಿತು.

ಈ ಪಟ್ಟಿಯಲ್ಲಿ ಹೆಚ್ಚಿನವು ಸಂಸ್ಥೆಗಳ ಸಿಬ್ಬಂದಿ ಹೊರಗಡೆ ಓಡಾಡುತ್ತಾ ಮಾಹಿತಿ ದಾಖಲಿಸುವ ಕೆಲಸಗಳು. ಹಳ್ಳಿಯವರು ತಾವೇ ಕಾರ್ಡು ಹಿಡಿದು ಬಂದು ಬಳಸುವ, ಮೂಲದಲ್ಲಿ ಕಲ್ಪಿಸಿದ್ದ ಚಿತ್ರ ವ್ಯಾಪಕವಾಗಿ ಸಾಕಾರಗೊಳ್ಳಲಿಲ್ಲ.

ದಿನಬಳಕೆಯ ಗುಣ-ದೋಷಗಳು

ಹಾರ್ಡ್ ಡಿಸ್ಕ್ ಇಲ್ಲದಿದ್ದುದರಿಂದ ಯಂತ್ರದೊಳಗೆ ತಿರುಗುವ ಭಾಗಗಳಿರಲಿಲ್ಲ. ಧೂಳು ಮತ್ತು ಅಲುಗಾಟದ ನಡುವೆ ಕೆಲಸ ಮಾಡುವವರಿಗೆ ಇದು ಅನುಕೂಲಕರ. ಕಪ್ಪು-ಬಿಳುಪು ಪರದೆಗೆ ವಿದ್ಯುತ್ ಕಡಿಮೆ ಸಾಕು. ವಿದ್ಯುತ್ ಪೂರೈಕೆ ನಿಂತಾಗಲೂ ಸೆಲ್‌ಗಳ ಮೇಲೆ ಯಂತ್ರವನ್ನು ನಡೆಸಬಹುದಿತ್ತು. ಚಿತ್ರಸಂಕೇತಗಳನ್ನು ಮುಟ್ಟಿ, ಬಂದ ಧ್ವನಿಯನ್ನು ಕೇಳಿ ಮುಂದುವರಿಯುವ ಕ್ರಮದಿಂದಾಗಿ ಟೈಪಿಂಗ್ ಕಲಿಯುವ ಅಗತ್ಯವಿರಲಿಲ್ಲ.

ಪರದೆ ಅಂಗೈಯಷ್ಟೇ ಅಗಲವಿದ್ದುದರಿಂದ ದೀರ್ಘ ಪಠ್ಯ ಅಥವಾ ಪಹಣಿಯಂಥ ಹಲವು ಕಲಮುಗಳ ಕೋಷ್ಟಕಗಳನ್ನು ಒಂದೇ ನೋಟದಲ್ಲಿ ಕಾಣುವುದು ಸಾಧ್ಯವಿರಲಿಲ್ಲ. ಭಾರತೀಯ ಲಿಪಿಗಳ ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಕಾಗುವುದರಿಂದ, 240 ಬಿಂದುಗಳ ಪರದೆಯಲ್ಲಿ ಇಂಗ್ಲಿಷಿಗಿಂತ ಕಡಿಮೆ ಸಾಲುಗಳು ಹಿಡಿಸುತ್ತವೆ. ಅಂತರಜಾಲಕ್ಕೆ ದೂರವಾಣಿ ತಂತಿ ಅಥವಾ ಮೊಬೈಲ್ ಸಂಪರ್ಕ ಬೇಕಾಗಿತ್ತು. ಆ ವರ್ಷಗಳಲ್ಲಿ ಬಹಳಷ್ಟು ಹಳ್ಳಿಗಳಲ್ಲಿ ಎರಡೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಕನ್ನಡವನ್ನು ಓದಬಲ್ಲದಾಗಿದ್ದರೂ ಓದಿಸಲು ಬೇಕಾದ ಮಾಹಿತಿ, ಅಂದರೆ ಪ್ರತಿದಿನದ ಪೇಟೆ ಧಾರಣೆ, ಅರ್ಜಿ ನಮೂನೆ, ಆರೋಗ್ಯ ಸಲಹೆ ಮೊದಲಾದವುಗಳನ್ನು ಅದಕ್ಕೆ ತಕ್ಕ ರೂಪದಲ್ಲಿ ನಿರಂತರವಾಗಿ ಒದಗಿಸುವ ವ್ಯವಸ್ಥೆ ಬೆಳೆಯಲಿಲ್ಲ.

ಮಾರಾಟ ಮತ್ತು ಹಿನ್ನಡೆ

ಅಮಿಡಾದ ಆರಂಭಿಕ ಬೆಲೆ ಸುಮಾರು 10,000 ರೂಪಾಯಿ. ಬಣ್ಣದ ಪರದೆಯ ಮಾದರಿಗೆ ಅದರ ಎರಡರಷ್ಟು ತೆರಬೇಕಾಗಿತ್ತು. 2005ರ ಏಪ್ರಿಲ್ ವೇಳೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸುಮಾರು 4,000 ಯಂತ್ರಗಳು ಮಾತ್ರ ಮಾರಾಟವಾಗಿದ್ದವು. ಇರಿಸಿಕೊಂಡಿದ್ದ ಗುರಿ 50,000. ಮಾರಾಟವಾದವುಗಳಲ್ಲಿ ಗ್ರಾಮೀಣ ಬಳಕೆಗೆ ಹೋದದ್ದು ಹತ್ತನೇ ಒಂದು ಭಾಗದಷ್ಟು.

ಇದಕ್ಕೆ ಹಲವು ಕಾರಣಗಳಿವೆ. ಬಿಡಿಭಾಗಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡರೆ ಮಾತ್ರ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಮಾತ್ರ ಬೇಡಿಕೆ ಹೆಚ್ಚುತ್ತದೆ. ಈ ಸುತ್ತನ್ನು ಮುರಿಯಲು ಬೇಕಾಗಿದ್ದ ದೊಡ್ಡ ಪ್ರಮಾಣದ ಸರ್ಕಾರಿ ಖರೀದಿ ದೊರೆಯಲಿಲ್ಲ. ಯೋಜನೆ ಆರಂಭವಾದಾಗ ದುಬಾರಿಯಾಗಿದ್ದ ಮೇಜುಗಣಕಗಳು 2005ರ ಹೊತ್ತಿಗೆ ಹತ್ತು ಸಾವಿರ ರೂಪಾಯಿಯೊಳಗೂ ದೊರೆಯತೊಡಗಿದವು. ಇನ್ನೊಂದೆಡೆ ಮೊಬೈಲ್ ಫೋನಿನ ಬೆಲೆ ಮತ್ತು ಕರೆದರ ವೇಗವಾಗಿ ಇಳಿದವು. ಪೇಟೆಯ ಧಾರಣೆ ತಿಳಿಯಬೇಕಾದ ರೈತರಿಗೆ ಒಂದು ಕರೆಯೇ ಸಾಕಾಯಿತು. ಓದು ಬರಹ ಬಾರದವರಿಗೂ ಫೋನಿನಲ್ಲಿ ಮಾತನಾಡಲು ತರಬೇತಿ ಬೇಕಿರಲಿಲ್ಲ.

ಮುಂದೆ ಮುಂಬೈನ ಜಿಯೋಡೆಸಿಕ್ ಸಂಸ್ಥೆಯು ಪಿಕೋಪೆಟಾವನ್ನು ಕೊಂಡುಕೊಂಡಿತು. ಅಮಿಡಾದ ಮುಂದಿನ ರೂಪವನ್ನು ‘ಜಿಯೋಅಮಿಡಾ’ ಹೆಸರಿನಲ್ಲಿ ಮಾರಲಾಯಿತು.

ನಂತರದ ಅಗ್ಗದ ಟ್ಯಾಬ್ಲೆಟ್‌ಗಳು

ಮೊಬಿಲಿಸ್

ಎನ್‌ಕೋರ್ ಸಂಸ್ಥೆಯು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ನೆರವಿನಿಂದ ರೂಪಿಸಿದ ಮೊಬಿಲಿಸ್ 2005ರ ಮೇ ತಿಂಗಳಲ್ಲಿ ಅನಾವರಣಗೊಂಡಿತು. ಇದು ಸಿಂಪ್ಯೂಟರಿಗಿಂತ ದೊಡ್ಡ ಪರದೆಯ, ಲಿನಕ್ಸ್ ಆಧಾರಿತ ಯಂತ್ರ. ಬ್ಯಾಟರಿ ಸುಮಾರು ಆರು ಗಂಟೆ ಬಾಳುತ್ತಿತ್ತು. ಗಾತ್ರ ಮತ್ತು ಸ್ವರೂಪದಲ್ಲಿ ಇದು ಇಂದಿನ ಟ್ಯಾಬ್ಲೆಟ್‌ಗೆ ಹೆಚ್ಚು ಹತ್ತಿರವಾಗಿತ್ತು. ಎನ್‌ಕೋರ್ ಸಂಸ್ಥೆಯು ರಕ್ಷಣಾ ಪಡೆಗಳ ಬಳಕೆಗಾಗಿ ‘ಸಾಥಿ’ ಎಂಬ ಸಾಧನವನ್ನೂ ರೂಪಿಸಿತು.

ಆಕಾಶ್

ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಆಕಾಶ್ ಟ್ಯಾಬ್ಲೆಟ್ 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ಡೇಟಾವಿಂಡ್ ಕಂಪನಿ ತಯಾರಿಸಿದ ಇದರಲ್ಲಿ 7 ಇಂಚಿನ, ಒತ್ತಿ ಬಳಸುವ ಸ್ಪರ್ಶಪರದೆ, 366 ಮೆಗಾಹರ್ಟ್ಸ್ ಸಂಸ್ಕಾರಕ, 256 ಎಂಬಿ ಸ್ಮೃತಿ ಮತ್ತು ಆಂಡ್ರಾಯ್ಡ್ 2.2 ಇದ್ದವು. ಸರ್ಕಾರ ಕೊಂಡ ಬೆಲೆ ಸುಮಾರು 50 ಡಾಲರ್. ನಿಧಾನಗತಿ, ಗಟ್ಟಿಯಾಗಿ ಒತ್ತಬೇಕಾದ ಪರದೆ ಮತ್ತು ಸುಮಾರು ಮೂರು ಗಂಟೆಯಲ್ಲಿ ಮುಗಿಯುವ ಬ್ಯಾಟರಿಗಾಗಿ ಅದು ಟೀಕೆಗೊಳಗಾಯಿತು. ವೇಗವಾದ ಸಂಸ್ಕಾರಕ, ಬೆರಳು ಸೋಕಿದರೆ ಸಾಕಾಗುವ ಪರದೆ ಹಾಗೂ ಆಂಡ್ರಾಯ್ಡ್ 4.0 ಇದ್ದ ಆಕಾಶ್-2 ಮಾದರಿಯನ್ನು 2012ರ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಿಡುಗಡೆ ಮಾಡಿದರು.

ಹೋಲಿಕೆ

ಬೆಲೆಯ ಮಟ್ಟಿಗೆ ಆಕಾಶ್ ಸಿಂಪ್ಯೂಟರಿನ ಗುರಿಯನ್ನು ಬಹಳ ಹಿಂದಿಕ್ಕಿತು. ಭಾಷೆಯ ಮಟ್ಟಿಗೆ ಚಿತ್ರ ಬೇರೆಯಾಗಿತ್ತು. ಆಂಡ್ರಾಯ್ಡಿನ ಮೂಲ ಅಕ್ಷರಶೈಲಿಯಲ್ಲಿ ಕನ್ನಡದ ಅಕ್ಷರಗಳು ಸೇರಿದ್ದು 2012ರಲ್ಲಿ ಬಂದ 4.1ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಆವೃತ್ತಿಗಳಿದ್ದ ಯಂತ್ರಗಳಲ್ಲಿ ತಯಾರಕರು ಪ್ರತ್ಯೇಕವಾಗಿ ಕನ್ನಡವನ್ನು ಸೇರಿಸಿರದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಕನ್ನಡ ಜಾಲತಾಣಗಳನ್ನು ಓದಲು ಹಲವರು ಅಪೆರಾ ಮಿನಿ ಜಾಲವೀಕ್ಷಕದಲ್ಲಿ ಪಠ್ಯವನ್ನು ಚಿತ್ರರೂಪದಲ್ಲಿ ತರಿಸಿಕೊಳ್ಳುವ ಆಯ್ಕೆಯನ್ನು ಬಳಸುತ್ತಿದ್ದರು. ಹೀಗೆ, ಬೆಂಗಳೂರಿನ ಯಂತ್ರವೊಂದು 2001ರಲ್ಲಿ ಮೂಲ ಲಕ್ಷಣವಾಗಿ ಅಳವಡಿಸಿಕೊಂಡಿದ್ದ ಕನ್ನಡವು ಜಾಗತಿಕ ತಂತ್ರಾಂಶವನ್ನು ಅವಲಂಬಿಸಿದ ಅಗ್ಗದ ಟ್ಯಾಬ್ಲೆಟ್‌ಗಳಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಪರಂಪರೆ

ಸಿಂಪ್ಯೂಟರ್ ಯಂತ್ರವಾಗಿ ಉಳಿಯದಿದ್ದರೂ ಅದರ ಕೆಲವು ಅಂಶಗಳು ಬೇರೆ ರೂಪದಲ್ಲಿ ಮುಂದುವರಿದವು. ಧ್ವನಿ ತಂತ್ರಾಂಶವು ಸ್ವತಂತ್ರ ಯೋಜನೆಯಾಗಿ ಬೆಳೆಯಿತು. ಮುಕ್ತ ಯಂತ್ರಾಂಶದ ಪರವಾನಗಿಯ ಬಗೆಗಿನ ಚರ್ಚೆಗಳಲ್ಲಿ ಸಿಂಪ್ಯೂಟರ್ ಉದಾಹರಣೆಯಾಗಿ ಪ್ರಸ್ತಾಪವಾಗುತ್ತದೆ. ಸ್ಪರ್ಶಪರದೆ, ಚಲನೆಯ ಸಂವೇದಕ, ಸ್ಥಳೀಯ ಭಾಷೆಯ ಧ್ವನಿ ಮತ್ತು ಲಿನಕ್ಸ್ ಆಧಾರಿತ ವ್ಯವಸ್ಥೆ ಇಂದು ಸಾಮಾನ್ಯ ಸ್ಮಾರ್ಟ್‌ಫೋನುಗಳಲ್ಲಿ ಒಟ್ಟಾಗಿ ದೊರೆಯುತ್ತವೆ. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಬೇಕೆಂಬ ಕಲ್ಪನೆ ಮಾತ್ರ ಫೋನುಗಳು ಪ್ರತಿಯೊಬ್ಬರ ಕೈಸೇರುತ್ತಿದ್ದಂತೆ ಹಿಂದೆ ಸರಿಯಿತು.

ಇವನ್ನೂ ನೋಡಿ

• ಆಕಾಶ್ ಟ್ಯಾಬ್ಲೆಟ್
• ಭಾರತೀಯ ವಿಜ್ಞಾನ ಸಂಸ್ಥೆ
• ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್
• ಲಿನಕ್ಸ್
• ನುಡಿ ತಂತ್ರಾಂಶ